ಒಬ್ಬಳೇ ಹೋಗಿ ಮದುವೆ ಕರೆದದ್ದು

೧೯ ಮಾರ್ಚ್ ೨೦೨೫, ಬುಧವಾರ

ಪ್ರೀತಿಯ ಪೂರ್ಣೇಶ್,

ನನ್ನನ್ನು ಒಂದು ಮಾತೂ ಕೇಳದೆ ನೀನು ತೀರ್ಥಹಳ್ಳಿಯಲ್ಲಿ ಕಲ್ಯಾಣ ಮಂಟಪ ಗೊತ್ತು ಮಾಡಿದ್ದು ತಪ್ಪು. ಇದನ್ನು ಮೊದಲ ಸಾಲಿನಲ್ಲೇ ಬರೆದು ಮುಗಿಸುತ್ತಿದ್ದೇನೆ. ಮುಂದಿನದನ್ನೆಲ್ಲ ಓದುತ್ತಾ ಹೋದರೆ ನಾನು ಅದನ್ನು ಮರೆತುಬಿಟ್ಟೆ ಎಂದು ನಿನಗೆ ಅನ್ನಿಸಬಹುದು. ಮರೆತಿಲ್ಲ.

ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಹೂಂಗುಡುತ್ತೀಯ, ಅಷ್ಟರಲ್ಲಿ ಜೋಗದ ಪವರ್ ಹೌಸಿನಲ್ಲಿ ನಿನ್ನ ಶಿಫ್ಟ್ ಶುರುವಾಗುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ, ನಾನು ಫೋನ್ ಕುಕ್ಕುವಂತಿಲ್ಲ.

ನಾವಿಬ್ಬರೂ ಒಪ್ಪಿಕೊಂಡದ್ದು ಏನು? ಉಗಾದಿ ಕಳೆದ ಮೇಲೆ, ಕೆಳದಿಯಾಚೆಯ ನಮ್ಮ ಮನೆಯ ಅಂಗಳದಲ್ಲಿ ಒಂದು ಚಪ್ಪರ. ಎರಡು ಹಾರ. ಎಲ್ಲರ ಎದುರು ನಾವೇ ಓದಿ ಸಹಿ ಹಾಕುವ ಒಪ್ಪಂದ. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಕಾರ್ಡಿಲ್ಲ, ಮಂಟಪವಿಲ್ಲ. ಸರಳ ಮದುವೆಯ ಕುರಿತ ಹಳದಿ ಹೊದಿಕೆಯ ಕಿರುಹೊತ್ತಿಗೆಯನ್ನು ನಿನ್ನ ಕೈಗೆ ಕೊಟ್ಟವಳು ನಾನು. ಅದನ್ನು ಒಂದೇ ರಾತ್ರಿಯಲ್ಲಿ ಓದಿ, ಬೆಳಿಗ್ಗೆ "ನಮ್ಮದೂ ಹೀಗೇ ಆಗಲಿ" ಎಂದವನು ನೀನು. ನಾನು ನಿನ್ನನ್ನು ಒಪ್ಪಿದ್ದು ಆ ಬೆಳಿಗ್ಗೆ. ಸಾಗರದ ಹೋರಾಟದ ಮೆರವಣಿಗೆಯಲ್ಲಿ ಬ್ಯಾನರಿನ ಇನ್ನೊಂದು ಕೋಲನ್ನು ನೀನು ಹಿಡಿದು ನಡೆದಾಗ ಅಲ್ಲ.

ಮಂಟಪವೆಂದರೆ ಬರೀ ಗೋಡೆ ಸೂರು ಅಲ್ಲ. ಎತ್ತರದ ಕುರ್ಚಿಯಲ್ಲಿ ಇಬ್ಬರು, ಕೆಳಗೆ ಸಾಲುಗಟ್ಟಿ ನಿಂತ ಐನೂರು ಜನ, ಫೋಟೋದವನು ಹೇಳಿದ ಹಾಗೆ ನಗಬೇಕಾದ ಮುಖಗಳು, ಬಾಳೆ ಎಲೆಯಲ್ಲಿ ಅರ್ಧ ಬಿಟ್ಟ ಹೋಳಿಗೆ. ಅದು ನಮ್ಮ ಮದುವೆಯಲ್ಲ, ಯಾರದೋ ನಾಟಕ. ಹೀಗೆಂದು ನಾನು ಶುಕ್ರವಾರ ಸಂಜೆ ನಿನಗೆ ಹೇಳಿದೆ. "ಆಗಿ ಹೋಯ್ತಲ್ಲ ಮಾರಾಯ್ತಿ, ಅಡ್ವಾನ್ಸ್ ಕೊಟ್ಟಾಯ್ತು" ಎಂದೆ ನೀನು. "ಹಾಗಾದರೆ ಮದುವೆಯೇ ಬೇಡ" ಎಂದೆ ನಾನು. ಅದನ್ನು ನೀನು ಸಿಟ್ಟು ಅಂದುಕೊಂಡೆ. ಅದು ತೀರ್ಮಾನವಾಗಿತ್ತು. ಶನಿವಾರ ಬೆಳಿಗ್ಗೆ ನಾನು ಬೈಕ್ ಹತ್ತಿ ಹೊರಟದ್ದು ತಿರುಗಾಟಕ್ಕಲ್ಲ. ಹೊಸನಗರದ ಕಡೆಯಿರುವ ಅಪ್ಪನ ಅಕ್ಕ ಕೆರಿಯಮ್ಮತ್ತೆಗೆ, ಆಮೇಲೆ ಮೇಳಿಗೆಯಲ್ಲಿರುವ ನಿನ್ನ ಅಮ್ಮನಿಗೆ, ಮದುವೆ ಇಲ್ಲ ಎಂದು ಎದುರು ನಿಂತು ಹೇಳಿ ಬರುವುದಕ್ಕೆ. ಅಪ್ಪ ಈಗಾಗಲೇ ಬಾಯಿಮಾತಿನಲ್ಲಿ ಅತ್ತೆಗೆ ದಿನ ತಿಳಿಸಿದ್ದ. ಮನೆಯವರು ವಿಧಿಪ್ರಕಾರ ಕರೆಯಲು ಹೋಗುವ ಮುಂಚೆ ನಾನು ಹೋಗಿ ನಿಲ್ಲಿಸಬೇಕಿತ್ತು. ಫೋನ್ ಮಾಡೋಣವೆಂದರೆ ಅತ್ತೆಯ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಿದರೆ ಮಾತ್ರ. ಅಪ್ಪನಿಗೆ ಏನೂ ಹೇಳಲಿಲ್ಲ. ಹಾಲಿನ ಡೈರಿಯಲ್ಲಿ ನನ್ನ ಕೆಲಸವನ್ನು ತಮ್ಮ ಲಿಖಿತ್‌ಗೆ ಒಪ್ಪಿಸಿ ಹೊರಟೆ.

ಸಾಗರ ದಾಟಿ ಸ್ವಲ್ಪ ದೂರದಲ್ಲೇ ಟಾರು ಬಿಟ್ಟೆ. ಟಾರಿನಲ್ಲಿ ಹೋದರೆ ಹಿನ್ನೀರನ್ನು ದೊಡ್ಡದಾಗಿ ಸುತ್ತಬೇಕು. ಈಗ ನೀರು ಇಳಿದಿದೆ, ಅಂಚಿನಲ್ಲಿ ಹಳೆಯ ಬಂಡಿದಾರಿ ಮೇಲೆದ್ದಿದೆ. ಆರು ತಿಂಗಳು ನೀರಿನಡಿ ಇದ್ದ ದಾರಿ ಅದು. ಮೇಲೆ ಒಣಗಿದ ಕೆಸರು ಹಪ್ಪಳದ ಹಾಗೆ ಬಿರುಕು ಬಿಟ್ಟಿರುತ್ತದೆ, ಕೆಳಗೆ ಇನ್ನೂ ಹಸಿ. ಹಿಂದಿನ ಚಕ್ರ ಎಲ್ಲಿ ಕೂರುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ನಮ್ಮ ಬೈಕಿನ ಎಂಜಿನ್ ಚಿಕ್ಕದು, ಸೀಟು ಎತ್ತರ, ಟೈರಿಗೆ ಹಲ್ಲು. ಊರಿನಲ್ಲಿ ಅದನ್ನು ನೋಡಿದವರೆಲ್ಲ "ಒಂಟೆ" ಅನ್ನುತ್ತಾರೆ. ಅಲ್ಲಿ ಮಾತ್ರ ಅದು ಸರಿಯಾದ ಪ್ರಾಣಿ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಗಾಳಿ ಕಡಿಮೆ ಮಾಡಿದ ಟೈರಿನಲ್ಲಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಹೋದೆ. ನೀರಿನಲ್ಲಿ ಒಣಮರದ ಬೊಡ್ಡೆಗಳು, ಬೊಡ್ಡೆಗೊಂದು ಹಕ್ಕಿ. ಯಾವುದೂ ನನ್ನನ್ನು ನೋಡಿ ಹಾರಲಿಲ್ಲ.

ಶುಕ್ರವಾರ ರಾತ್ರಿ ನಿನಗೆ ಹೇಳಬೇಕೆಂದು ಹಲ್ಲು ಕಚ್ಚಿ ಜೋಡಿಸಿದ್ದ ವಾಕ್ಯಗಳಿದ್ದವು. ಒಳ್ಳೆಯ ವಾಕ್ಯಗಳು. ಅವನ್ನು ಹೆಲ್ಮೆಟಿನೊಳಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಹೊರಟಿದ್ದೆ. ಹಿನ್ನೀರು ದಾಟಿ ಕಾಡಂಚಿನ ದಾರಿ ಹಿಡಿಯುತ್ತಲೇ ಅದು ನಿಂತುಹೋಯಿತು. ಈ ಕಾಲದಲ್ಲಿ ಅಲ್ಲಿ ತರಗೆಲೆ ಮೊಣಕಾಲಿನ ತನಕ ಬಿದ್ದಿರುತ್ತದೆ. ಅದರಡಿ ಕಲ್ಲಿದೆಯೋ ಬೇರಿದೆಯೋ ಗುಂಡಿಯಿದೆಯೋ ಗೊತ್ತಾಗುವುದಿಲ್ಲ. ಮುಂದಿನ ಬ್ರೇಕ್ ಸ್ವಲ್ಪ ಜೋರಾಗಿ ಹಿಡಿದರೂ ಚಕ್ರ ಎಣ್ಣೆಯ ಮೇಲೆ ಹೋದಂತೆ ಜಾರುತ್ತದೆ. ಸಿಟ್ಟು ಇಟ್ಟುಕೊಂಡು ತರಗೆಲೆಯ ಮೇಲೆ ಬೈಕ್ ಓಡಿಸಲು ಆಗುವುದಿಲ್ಲ, ಪೂರ್ಣೇಶ್. ಒಂದು ತಿರುವಿನಲ್ಲಿ ನಿನ್ನನ್ನು ಬೈಯುತ್ತಿದ್ದೆ, ಮರುಗಳಿಗೆಯಲ್ಲಿ ನಾನೂ ಬೈಕೂ ಪಕ್ಕದ ಪೊದೆಮಟ್ಟಿಯೊಳಗೆ. ಏಟಾಗಲಿಲ್ಲ. ಬೆನ್ನನ್ನು ಸೀಟಿಗೆ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಹಿಂದಿನ ಕಂಬಿ ಹಿಡಿದು, ಕಾಲಿನ ಬಲದಲ್ಲಿ ಎತ್ತಿ ನಿಲ್ಲಿಸಿದೆ. ಹಾಗೆ ಎತ್ತುವುದನ್ನು ನೀನೇ ಕಲಿಸಿದ್ದು, ಅದನ್ನು ಅಲ್ಲಗಳೆಯುವುದಿಲ್ಲ.

ಮಟ್ಟಿಯ ಆಚೆ ಹೆಂಗಸರು ತರಗೆಲೆ ಗುಡಿಸಿ ಗುಡ್ಡೆ ಹಾಕುತ್ತಿದ್ದರು. ಎಲ್ಲವನ್ನೂ ನೋಡಿದ್ದಾರೆ.

"ಎಂತ ತಂಗಿ, ಗಂಡನ ಮನೆ ಬಿಟ್ಟು ಓಡಿ ಹೊಂಟ್ಯಾ?" ಎಂದಳು ಒಬ್ಬಳು.

"ಇನ್ನೂ ಗಂಡನೇ ಆಗಿಲ್ಲ" ಎಂದೆ.

"ಹಂಗಾರೆ ಇನ್ನೂ ಬೇಗ ಓಡು!"

ಅವರು ನಕ್ಕ ನಗೆ ಮುಂದಿನ ಏರಿನ ತನಕ ಕೇಳಿಸುತ್ತಿತ್ತು. ಅವರಿಗೆ ನಾನು ಮಹಿಳೆಯರ ಕೂಲಿಯ ಬಗ್ಗೆ ಏನಾದರೂ ಹೇಳಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಆ ಹೊತ್ತಿನಲ್ಲಿ ನನಗೂ ನಗುವೇ ಬಂತು.

ದಾರಿಯುದ್ದಕ್ಕೂ ದಣಪೆಗಳು. ಎರಡು ಕಂಬ, ಅಡ್ಡಕ್ಕೆ ನಾಲ್ಕೈದು ಗಳ, ದನ ನುಗ್ಗದ ಹಾಗೆ. ಜೊತೆಗಾರರಿದ್ದರೆ ಒಬ್ಬರು ಇಳಿದು ತೆಗೆಯಬಹುದು. ಒಬ್ಬಳೇ ಹೋದರೆ ಪ್ರತಿ ಸಲ ಬೈಕ್ ನಿಲ್ಲಿಸಿ, ಇಳಿದು, ಗಳ ಸರಿಸಿ, ಬೈಕ್ ದಾಟಿಸಿ, ಮತ್ತೆ ಇಳಿದು, ಗಳ ಹಾಕಿ, ಹತ್ತಬೇಕು. ಜೀಪಿನಲ್ಲಿ ಬಂದು ಗುಡ್ಡದ ಹುಲ್ಲು ಕಿತ್ತು ಹೋಗುವ ಮೋಜುಗಾರರು ತೆಗೆದ ದಣಪೆಯನ್ನು ಹಾಕದೆ ಹೋಗುತ್ತಾರೆ. ನಾನು ಒಂದನ್ನೂ ಬಿಡಲಿಲ್ಲ. ಬೆವರು ಸುರಿದು, ಅಂಗೈ ತುಂಬ ಸಿಬಿರು ಚುಚ್ಚಿಕೊಂಡು, ಬಿಸಿಲು ಏರಿದ ಮೇಲೆ ಕೆರಿಯಮ್ಮತ್ತೆಯ ಅಂಗಳ ಮುಟ್ಟಿದೆ.

ಅಲ್ಲಿ ಆದದ್ದನ್ನು ಸರಿಯಾಗಿ ಕೇಳು. ಯಾಕೆಂದರೆ ಅದರ ಬಗ್ಗೆ ನಿನಗೆ ಈಗಾಗಲೇ ಬೇರೆ ಬೇರೆ ರೀತಿಯ ಕಥೆಗಳು ತಲುಪಿರುತ್ತವೆ.

ನಾನು ಒಂದು ನಿಯಮ ಮಾಡಿಕೊಂಡಿದ್ದೆ. ಕೂತು, ಬೆಲ್ಲ ತಿಂದು ನೀರು ಕುಡಿದ ಮೇಲೆ "ಮದುವೆ ಇಲ್ಲ" ಎಂದು ಹೇಳುವುದು ಕಷ್ಟ. ಆದ್ದರಿಂದ ಜಗಲಿ ಹತ್ತಬಾರದು, ನೀರು ಮುಟ್ಟಬಾರದು, ನಿಂತಲ್ಲೇ ಹೇಳಿ ತಿರುಗಿಬಿಡಬೇಕು. ಅತ್ತೆ ಬಾಗಿಲಿಗೆ ಬಂದಳು.

"ಯಾರೇ ಅದು, ಭವ್ಯನಾ? ಒಬ್ಳೇ ಬಂದ್ಯಾ?"

"ಹೂಂ ಅತ್ತೆ, ಒಬ್ಳೇ."

"ಮೇಲೆ ಬಾ ಮತ್ತೆ."

"ಬೇಡ ಅತ್ತೆ. ಇಲ್ಲೇ ನಿಲ್ತೀನಿ."

"ನೀರಾದ್ರೂ ಕುಡಿಯೇ."

"ನೀರೂ ಬೇಡ. ಒಂದು ಸುದ್ದಿ ಹೇಳಿ ಹೋಗಾಣ ಅಂತ ಬಂದೆ."

ಅತ್ತೆ ನಿಂತಲ್ಲೇ ಕುಸಿದು ಸೆರಗು ಬಾಯಿಗೆ ಒತ್ತಿಕೊಂಡಳು. ಮದುವೆ ನಿಂತದ್ದು ಅವಳಿಗೆ ಗೊತ್ತಾಗಿಬಿಟ್ಟಿತು, ಎಷ್ಟು ಸೂಕ್ಷ್ಮ ಎಂದು ನಾನು ಮೆಚ್ಚಿಕೊಂಡೆ. ಗುತ್ಯಪ್ಪ ಮಾವ ಹಿತ್ತಿಲಿನಿಂದ ಬಂದ. ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ, ಕೈಯಲ್ಲಿದ್ದ ಕತ್ತಿಯನ್ನು ಗೋಡೆಗೆ ಸಿಕ್ಕಿಸಿ ತಗ್ಗಿದ ದನಿಯಲ್ಲಿ ಕೇಳಿದ: "ಯಾವಾಗ ಆಯ್ತು?"

"ನಿನ್ನೆ ಸಂಜೆ" ಎಂದೆ.

"ನಿನ್ನೆ ಸಂಜೆ ಅಂದ್ರೆ ಇಷ್ಟೊತ್ತಿಗೆ ಎತ್ತಿರ್ತಾರೆ. ಮುಖ ನೋಡಾಕೂ ಸಿಗದಿಲ್ಲ ನಮ್ಗೆ."

ಅಷ್ಟರಲ್ಲಿ ಅತ್ತೆ ಸೆರಗು ಬಿಟ್ಟು ದೊಡ್ಡ ದನಿ ತೆಗೆದಳು. "ಅಯ್ಯೋ ನನ್ನ ತಮ್ಮಾ! ನಾಗೇಂದ್ರಾ! ಹೋದ ತಿಂಗ್ಳು ಬಂದಾಗ ಕೋಳಿ ಕೊಯ್ತೀನಿ ಇರು ಅಂದ್ರೂ ಇರ್ಲಿಲ್ವಲ್ಲೋ!"

ಆಗ ನನಗೆ ಹೊಳೆಯಿತು. ನಮ್ಮ ಕಡೆ ಮದುವೆ ಕರೆಯುವವರು ಇಬ್ಬರಾಗಿ ಬರುತ್ತಾರೆ, ಹತ್ತಿ ಕೂತು, ಕುಂಕುಮ ಕೊಟ್ಟು ಕರೆಯುತ್ತಾರೆ. ಒಬ್ಬರೇ ಬಂದು, ಜಗಲಿ ಹತ್ತದೆ, ನೀರು ಮುಟ್ಟದೆ, ಅಂಗಳದಲ್ಲಿ ನಿಂತು ಹೇಳಿ ಹೋಗುವ ಸುದ್ದಿ ಒಂದೇ. ಹುಟ್ಟಿದಾಗಿನಿಂದ ನೋಡುತ್ತಾ ಬಂದವಳು ನಾನು, ನನ್ನ ನಿಯಮದ ಭರದಲ್ಲಿ ಅದು ತಲೆಗೇ ಹೋಗಲಿಲ್ಲ. ನನ್ನ ಅಪ್ಪನನ್ನು ನಾನೇ ಸಾಯಿಸಿದ್ದೆ. ಹೆಲ್ಮೆಟ್ ಕಿತ್ತು ಕೂಗಿದೆ:

"ಅಪ್ಪ ಗಟ್ಟಿ ಇದಾನೆ ಅತ್ತೆ! ಬೆಳಿಗ್ಗೆ ನಾಲ್ಕು ರೊಟ್ಟಿ ತಿಂದಿದಾನೆ! ನಾನು ಬಂದಿದ್ದು ಮದುವೆ ಕರೆಯಾಕೆ!"

ಆ ಮಾತು ಎಲ್ಲಿಂದ ಬಂತೋ ತಿಳಿಯದು. ಅತ್ತೆಯ ಅಳು ನಿಲ್ಲಿಸಬೇಕಿತ್ತು. ಸಾವಿಗೆ ಎದುರಾಗಿ ಹೇಳಬಹುದಾದ ಮಾತು ಅದೊಂದೇ ಬಾಯಿಗೆ ಬಂತು. "ಮದುವೆ ನಿಂತಿದೆ" ಎಂದು ಹೇಳಬಹುದಿತ್ತು. ಅದೂ ಒಂದು ಸಾವಿನ ಸುದ್ದಿಯೇ ಅಂತ ಆಗ ಅನ್ನಿಸಿತು.

ಅತ್ತೆ ಕಣ್ಣೊರೆಸಿಕೊಂಡು ಎದ್ದಳು. ಎದ್ದವಳು ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದು ತಿಳಿದಿದ್ದೆ.

"ಮದುವೆ ಕರೆಯೋರು ಹಿಂಗೆ ಬರ್ತಾರನೇ? ಒಬ್ಳೇ, ತಲೆಗೆ ಕೊಪ್ಪರಿಗೆ ಕವಚ್ಕಂಡು, ಯಮನ ಕೋಣ ಗುಡುಗುಡಿಸ್ಕಂಡು! ಮದುಮಗಳೇ ಮನೆಮನೆ ತಿರುಗಿ 'ನನ್ ಮದುವೆ, ಬನ್ನಿ' ಅಂದಿದ್ದು ಎಲ್ಲಾದ್ರೂ ಉಂಟಾ? ನಿನ್ನ ಪುಸ್ತಕದಾಗೆ ಹಂಗೆ ಬರ್ದಾರನೇ?"

"ಹೋಗ್ಲಿ ಬಿಡೇ" ಎಂದ ಮಾವ. ಈಗ ನಗುತ್ತಿದ್ದ. "ಸತ್ತೋಗಿದ್ದ ನಿನ್ ತಮ್ಮನ್ನ ಎಬ್ಬಿಸಿ ಕೊಟ್ಟಾಳೆ. ಮೊದ್ಲು ಊಟ ಹಾಕು."

"ಊಟ ಆಮೇಲೆ. ಕರೆಯದಾದ್ರೆ ಸರಿಯಾಗಿ ಕರೀಲಿ."

ಅತ್ತೆ ನನ್ನನ್ನು ಬಿಡಲಿಲ್ಲ. ದಣಪೆಯ ಹೊರಗೆ ಕಳಿಸಿ ಇನ್ನೊಮ್ಮೆ ಬರಲು ಹೇಳಿದಳು. ಜೊತೆಗೊಬ್ಬರು ಬೇಕೆಂದು ಗುತ್ಯಪ್ಪ ಮಾವನನ್ನೇ ಹೊರಗೆ ಅಟ್ಟಿದಳು. ಅವನು ಅಂಗಿ ಹಾಕಿಕೊಂಡು ನನ್ನ ಪಕ್ಕ ಹುಡುಗಿಯ ಕಡೆಯವನಂತೆ ಗಂಭೀರವಾಗಿ ನಡೆದು ತನ್ನ ಮನೆಗೆ ತಾನೇ ನೆಂಟನಾಗಿ ಬಂದ. ಕಾಲು ತೊಳೆದೆವು, ಜಗಲಿ ಹತ್ತಿದೆವು, ಬೆಲ್ಲ ತಿಂದು ನೀರು ಕುಡಿದೆವು. ಅತ್ತೆ ತನ್ನದೇ ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ತಾನೇ ಎದುರು ಕೂತು "ಹೂಂ, ಈಗ ಕರಿ" ಎಂದಳು.

ಇಂಥದ್ದರಲ್ಲೆಲ್ಲ ನನಗೆ ನಂಬಿಕೆಯಿಲ್ಲವೆಂದು ನಿನಗೆ ಗೊತ್ತು. ಆದರೂ ಕುಂಕುಮ ಹಚ್ಚಿ "ನನ್ನದೂ ಪೂರ್ಣೇಶನದೂ ಮದುವೆ, ಅತ್ತೆ. ನೀವು ಬರಬೇಕು" ಎಂದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ನಾವು ಮದುವೆಯ ಬಗ್ಗೆ ಎಷ್ಟೆಲ್ಲ ಮಾತಾಡಿದ್ದೇವೆ, ಬರೆದಿದ್ದೇವೆ, ವಾದ ಮಾಡಿದ್ದೇವೆ. ಯಾರನ್ನಾದರೂ ಒಬ್ಬರನ್ನು ಎದುರು ಕೂರಿಸಿಕೊಂಡು "ಬನ್ನಿ" ಎಂದಿದ್ದೇವಾ?

"ಎಲ್ಲಿ ಮದುವೆ?" ಎಂದು ಕೇಳಿದಳು ಅತ್ತೆ.

"ಜಾಗ ತಿಳಿಸ್ತೀವಿ" ಎಂದೆ.

"ಜಾಗ ಗೊತ್ತಿಲ್ದೆ ಕರೆಯಾಕೆ ಬಂದಾಳೆ ಮಾರಾಯ್ತಿ" ಎಂದು ಒಳಗೆ ಹೋಗಿ ಒಲೆ ಉರಿ ಮಾಡಿದಳು. ಮಾವ ಊಟವಾದದ್ದೇ ಗುಡ್ಡ ಹತ್ತಿದ. ಸತ್ತ ಭಾವನೆಂಟ ಬದುಕಿ ಬಂದ ಕಥೆಯನ್ನು ಫೋನಿನಲ್ಲಿ ಯಾರು ಯಾರಿಗೆ ಹೇಳಿದನೋ, ಸಂಜೆಯ ತನಕ ಇಳಿಯಲಿಲ್ಲ.

ಮರುದಿನ ಹೊರಟಾಗ ನನ್ನ ಮನಸ್ಸಿನಲ್ಲಿ ಎರಡು ಮಾತಿರಲಿಲ್ಲ. ಅತ್ತೆಯ ಅಳು ನಿಲ್ಲಿಸಲು ಒಂದು ಸುಳ್ಳು ಕರೆ ಆಗಿಹೋಗಿದೆ, ನಿನ್ನ ಅಮ್ಮನ ಎದುರು ಆಗಬಾರದು. ಅಲ್ಲಿ ನಿಜವನ್ನೇ ಹೇಳಬೇಕು. ಹೀಗೆ ಗಟ್ಟಿ ಮಾಡಿಕೊಂಡೇ ಹೊರಟೆ. ಆದರೆ ಆ ಬೆಳಗನ್ನು ನೀನು ನೋಡಬೇಕಿತ್ತು. ಗುಡ್ಡದ ನೆತ್ತಿಯ ದಾರಿ, ಎರಡೂ ಕಡೆ ಒಣಹುಲ್ಲು, ನಡುವೆ ಅಲ್ಲಲ್ಲಿ ಮುತ್ತುಗ ಹೂ ಬಿಟ್ಟು ಕೆಂಡವಾಗಿ ನಿಂತಿತ್ತು. ಕೆಳಗಿನ ಕಾಡಿನಲ್ಲಿ ಹಳೆ ಎಲೆಯ ಮರವೂ ಚಿಗುರಿದ ಮರವೂ ಒಟ್ಟಿಗೇ ಇದ್ದವು, ಚಿಗುರು ಹಸಿರಲ್ಲ, ತಾಮ್ರದ ಬಣ್ಣ. ಮಾವಿನ ಹೂವಿನ ವಾಸನೆ ಹೆಲ್ಮೆಟಿನ ಒಳಗೂ ಬರುತ್ತಿತ್ತು. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬೈಕನ್ನು ಸುಮ್ಮನೆ ಉರುಳಲು ಬಿಟ್ಟೆ. ಟೈರಿನಡಿ ತರಗೆಲೆ ಪುಡಿಯಾಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ಯಾರನ್ನೂ ಒಪ್ಪಿಸಬೇಕಾಗಿಲ್ಲ. ನನಗೆ ಬಹಳ ಸುಖವಾಯಿತು. ಹೋರಾಟದಲ್ಲಿರುವವರು ಹೀಗೆ ಒಬ್ಬರೇ ಸುಖಪಡುವುದು ಸರಿಯೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಉತ್ತರ ಸಿಗುವ ಮುಂಚೆ ಹಳ್ಳ ಬಂತು.

ಹಳ್ಳದಲ್ಲಿ ನೀರು ಮೊಣಕಾಲಿಗೂ ಇಲ್ಲ, ಕಲ್ಲು ಮಾತ್ರ ಪಾಚಿ ಹಿಡಿದದ್ದು. ನಡುವೆ ಮುಂದಿನ ಚಕ್ರ ಜಾರಿ ಇಡೀ ಬೈಕ್ ಮಲಗಿತು. ಎತ್ತಿದೆ, ಮತ್ತೆ ಜಾರಿತು. ಎರಡನೇ ಸಲ ಎತ್ತಿ ದಡ ಮುಟ್ಟಿಸುವಷ್ಟರಲ್ಲಿ ನಾನು ಸೊಂಟದ ತನಕ ನೆನೆದಿದ್ದೆ, ಗೇರಿನ ಕಡ್ಡಿ ಒಳಗೆ ಬಾಗಿತ್ತು. ಕಲ್ಲಿನಿಂದ ಬಡಿದು ಕಾಲಿಗೆ ಸಿಗುವಷ್ಟು ನೆಟ್ಟಗೆ ಮಾಡಿಕೊಂಡೆ. ಆಗಲೂ ಸಿಟ್ಟು ಬರಲಿಲ್ಲ.

ಟಾರು ಸಿಗುವಲ್ಲಿ ಒಂದು ಗೂಡಂಗಡಿ. ಅಂಗಡಿಯ ಗಣೇಶಮೂರ್ತಿಯವರಿಗೂ ನನಗೂ ಪರಿಚಯವಿಲ್ಲ. ಒದ್ದೆ ಬಟ್ಟೆಯಲ್ಲಿ ನಿಂತು ಚಾ ಕೇಳಿದೆ. ಬೈಕನ್ನೂ ನನ್ನನ್ನೂ ನೋಡಿ ಅವರು ಕೇಳಿದರು:

"ಮದುವೆ ಹುಡುಗಿ ನೀವೇ ಅಲ್ವನ್ರೀ? ಬೈಕಲ್ಲಿ ಊರೂರು ಕರೀತಾ ಬರ್ತಿರೋರು?"

"ಯಾರು ಹೇಳಿದ್ರು?"

"ಬೆಳಿಗ್ಗೆಯಿಂದ ಬಂದೋರೆಲ್ಲ ಅದನ್ನೇ ಹೇಳ್ತಿದಾರೆ. ಅಪ್ಪನ್ನ ಸಾಯಿಸಿ ಬದುಕಿಸಿದ್ರಂತೆ? ನಮ್ಮನೇನೂ ಕರೀರಿ ಮತ್ತೆ. ಪಾಯಸ ಉಂಟಾ?"

ಇಲ್ಲ ಎನ್ನಲು ಬಾಯಿ ತೆಗೆದೆ. "ಉಂಟು, ಬನ್ನಿ" ಎಂದೆ. ಎರಡನೇ ಸುಳ್ಳು ಅದು. ಚಾ ಮುಗಿಸಿ ಹೊರಟಾಗ ಅದು ಪೂರ್ತಿ ಸುಳ್ಳು ಅನ್ನಿಸಲಿಲ್ಲ, ಅದೇ ನನ್ನನ್ನು ಹೆದರಿಸಿತು.

ಮೇಳಿಗೆಯಲ್ಲಿ ನಿನ್ನ ಅಮ್ಮ ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಹೂವು, ಕುಂಕುಮ. ಸುದ್ದಿ ನನಗಿಂತ ಮೊದಲೇ ತಲುಪಿತ್ತು.

"ಬಾ ಬಾ. ಗಂಡಿನ ತಾಯಿನೇ ಮದುವೆ ಕರೆಯಾಕೆ ಬಂದ್ಯಂತಲ್ಲೇ. ನಾನೂ ನೋಡಾಣ ಅಂತ ಸೀರೆ ಉಟ್ಕಂಡು ಕೂತೀನಿ. ನನ್ನ ಯಾರೂ ಹಿಂಗೆ ಮನೆಗೆ ಬಂದು ಕರೆದಿದ್ದಿಲ್ಲ. ಏ, ಇದೆಂತದೇ, ಹಳ್ಳದಾಗೆ ಬಿದ್ಯಾ?"

ಜಗಲಿ ಹತ್ತಿದೆ. ಅವರದೇ ಒಂದು ಹಳೆ ಸೀರೆ ಉಡಿಸಿದರು, ನನ್ನ ಬಟ್ಟೆಯನ್ನು ಹಿಂಡಿ ಬೇಲಿಗೆ ಹಾಕಿದರು. ನೀರು ಕುಡಿದೆ. ಆಮೇಲೆ ಹೇಳಿದೆ. ತಲೆಯೆತ್ತಿಯೇ ಹೇಳಿದೆ: ನಾನು ಕರೆಯಲು ಬಂದವಳಲ್ಲ, ಮದುವೆ ಬೇಡವೆಂದು ಹೇಳಲು ಬಂದವಳು, ನಡುವೆ ಆದದ್ದೆಲ್ಲ ಅವಾಂತರ.

ಅವರ ಮುಖದ ನಗು ಹೋಯಿತು. ಕೂಗಾಡಲಿಲ್ಲ. ಕುಂಕುಮದ ಬಟ್ಟಲಿನ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದರು.

"ಮಂಟಪದ ದೆಸೆಯಿಂದನಾ?"

"ಹೂಂ."

"ಅವನ್ನ ಬೈಬೇಡ. ಗೊತ್ತು ಮಾಡ್ಸಿದ್ದು ನಾನು. ಅವ ಬೇಡ ಅಂದ. ಊಟ ಬಿಟ್ಟು ಕೂತೆ ನಾನು. ನಿನ್ ಹತ್ರ ಹೇಳ್ಬೇಡ ಅಂತ ಆಣೆ ಹಾಕಿಸ್ಕಂಡಿದ್ದೆ."

ಆಣೆ ಮುರಿದವರು ಅವರೇ, ಆದ್ದರಿಂದ ನಾನು ಇದನ್ನು ನಿನಗೆ ಬರೆಯಬಹುದು.

ನಾನು ವಿವರಿಸಲು ಹೊರಟೆ. ಮಂಟಪ ಎಂದರೇನು, ಆಡಂಬರ ಹೇಗೆ ಬಡವರ ಬೆನ್ನು ಮುರಿಯುತ್ತದೆ, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿ, ತಮ್ಮ ಮಾತು ಶುರು ಮಾಡಿದರು. ಅದನ್ನು ಅವರದೇ ಮಾತಿನಲ್ಲಿ ಬರೆಯುತ್ತೇನೆ.

"ಆ ಮಂಟಪ ನಂಗೆ ಗೊತ್ತಿಲ್ದೇ ಇರೋದಾ? ಪೂರ್ಣಿ ಶಾಲೆಗೆ ಹೋಗ್ತಿದ್ದಾಗಿಂದ ಅಲ್ಲಿ ಕೆಲ್ಸಕ್ಕೆ ಹೋಗೀನಿ. ಹಿಂದಿನ ಬಾಗ್ಲಲ್ಲಿ ಹೋಗದು, ಕಾಯಿ ತುರಿಯದು, ಪಾತ್ರೆ ತೊಳೆಯದು, ಎಲೆ ಎತ್ತದು, ಹಿಂದಿನ ಬಾಗ್ಲಲ್ಲಿ ಬರದು. ವಾಲಗ ಕೇಳ್ತದೆ, ಮದುಮಕ್ಕಳ ಮುಖ ಕಾಣದಿಲ್ಲ. ಮುಂದಿನ ಬಾಗ್ಲು ಹೆಂಗಿದೆ ಅಂತ ನಾ ನೋಡಿಲ್ಲ ಕಣೇ. ಅಲ್ಲಿ ಹುಡುಗನ ತಾಯಿ ನಿಂತ್ಕಂಡು ಬನ್ನಿ ಬನ್ನಿ ಅಂತಾ ಇರ್ತಾಳಲ್ಲ, ನಾನೂ ಒಂದು ದಿನ ಅಲ್ಲಿ ನಿಲ್ಬೇಕು ಅನ್ನಿಸ್ತು. ನೀನು ಬೇಡ ಅನ್ನು, ನಿಂಗೆ ಬೇಡ ಅನ್ನಾಕೆ ಒಂದು ಮಂಟಪ ಸಿಕ್ಕಿದೆ. ನಂಗೆ ಸಿಕ್ಕೇ ಇರ್ಲಿಲ್ಲ. ಇದಕ್ಕೆ ನಿನ್ ಪುಸ್ತಕದಾಗೆ ಎಂತ ಬರ್ದದೆ, ಓದು ಕೇಳಾಣ."

ಏನೂ ಬರೆದಿಲ್ಲ, ಪೂರ್ಣೇಶ್. ಆಡಂಬರ ಮಾಡುವವರ ಬಗ್ಗೆ ಬರೆದಿದೆ. ಆಡಂಬರದ ಎಲೆ ಎತ್ತಿದವರಿಗೆ ಒಂದು ದಿನ ಬಾಗಿಲಲ್ಲಿ ನಿಲ್ಲುವ ಆಸೆಯಾದರೆ ಏನು ಮಾಡಬೇಕೆಂದು ಬರೆದಿಲ್ಲ. ಅದನ್ನು ಯಾರಾದರೂ ಬರೆಯಬೇಕು. ನಾನೇ ಬರೆಯುತ್ತೇನೆ, ನೋಡುತ್ತಿರು.

ಆದರೂ ನಿನ್ನ ತಪ್ಪು ತಪ್ಪೇ. ಅದು ಮಂಟಪವಲ್ಲ, ಈಗ ನನಗೆ ಸ್ಪಷ್ಟವಾಗಿದೆ. ಅಮ್ಮನ ಆಸೆಯಾಗಿ ನನ್ನ ಬಳಿ ಬರಬೇಕಾದದ್ದು ನಿನ್ನ ಅಡ್ವಾನ್ಸ್ ಆಗಿ ಬಂತು. ಆಣೆಗೆ ಹೆದರಿ ನೀನು ನನ್ನನ್ನು ಕತ್ತಲಲ್ಲಿ ಇಟ್ಟೆ. ಅಮ್ಮ ಹೀಗೆ ಊಟ ಬಿಟ್ಟು ಕೂತಿದ್ದಾರೆ, ಬಾ, ಇಬ್ಬರೂ ಹೋಗಿ ಮಾತಾಡೋಣ ಎಂದಿದ್ದರೆ ನಾನು ಆ ದಿನವೇ ಇದೇ ಬೈಕಿನಲ್ಲಿ ಬರುತ್ತಿದ್ದೆ. ನಾನು ಕಿರುಹೊತ್ತಿಗೆ ಓದುವವಳು ನಿಜ, ಕಿರುಹೊತ್ತಿಗೆಯೇ ಅಲ್ಲ. ಇನ್ನು ಮುಂದೆ ನನ್ನ ಸಿಟ್ಟಿಗೆ ಹೆದರಿ ಏನನ್ನೂ ಮುಚ್ಚಿಡಬಾರದು. ಇದು ಮೊದಲ ಷರತ್ತು.

ಉಳಿದವನ್ನೂ ಬರೆದುಬಿಡುತ್ತೇನೆ. ಪುರೋಹಿತರಿಲ್ಲ, ಅದರಲ್ಲಿ ಮಾತೇ ಇಲ್ಲ. ಒಪ್ಪಂದ ನಾವೇ ಓದುವುದು. ಕೊಡುವುದು ತೆಗೆದುಕೊಳ್ಳುವುದು ಇಲ್ಲ. ಎತ್ತರದ ಕುರ್ಚಿ ಇಲ್ಲ. ಕೆಲಸಕ್ಕೆ ಬಂದ ಹೆಂಗಸರು ಮೊದಲ ಪಂಕ್ತಿಯಲ್ಲಿ ಕೂತು ಉಣ್ಣಬೇಕು, ಅವರಿಗೆ ಬಡಿಸುವುದು ನಾನು ಮತ್ತು ನೀನು, ಎಲೆ ಎತ್ತುವುದೂ ನಾವೇ. ಗಣೇಶಮೂರ್ತಿಯವರಿಗೆ ಪಾಯಸ ಮಾತು ಕೊಟ್ಟಿದ್ದೇನೆ. ಗುತ್ಯಪ್ಪ ಮಾವ ಎಷ್ಟು ಜನಕ್ಕೆ ಹೇಳಿದ್ದಾನೋ, ಅವರೆಲ್ಲರನ್ನೂ ಕರೆದ ಹಾಗೇ ಲೆಕ್ಕ.

ಮಂಟಪದ ವಿಷಯ ಮಾತ್ರ ಎದುರು ಕೂತು ತೀರ್ಮಾನಿಸಬೇಕು. ಅಲ್ಲಿಯ ತನಕ ನಾನು ಒಪ್ಪಿದೆನೆಂದು ಯಾರಿಗೂ ಹೇಳಬೇಡ.

ಬೈಕ್ ಚೆನ್ನಾಗಿದೆ, ಗೇರಿನ ಕಡ್ಡಿಯೊಂದು ಬದಲಿಸಬೇಕು. ನಾನೂ ಚೆನ್ನಾಗಿದ್ದೇನೆ. ಅಪ್ಪ ತಾನು ಸತ್ತ ಕಥೆಯನ್ನು ಡೈರಿಗೆ ಹಾಲು ತರುವವರಿಗೆಲ್ಲ ತಾನೇ ಹೇಳಿಕೊಂಡು ನಗುತ್ತಿದ್ದಾನೆ.

ನಿನ್ನ ಮೇಲೆ ಸಿಟ್ಟು ಉಳಿಸಿಕೊಳ್ಳಲಾರದ,
ಆದರೆ ತಪ್ಪನ್ನು ತಪ್ಪೆಂದೇ ಹೇಳುವ,
ಭವ್ಯಾ

ಮರೆತ ಮಾತು: ಮೇಲೆ ಒಂದು ಕಡೆ ಪೂರ್ತಿ ನಿಜ ಬರೆಯಲಿಲ್ಲ. ಭಾನುವಾರ ರಾತ್ರಿ ಅಲ್ಲೇ ಉಳಿದು, ಸೋಮವಾರ ಬೆಳಿಗ್ಗೆ ನಿನ್ನ ಅಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೋದೆ. ಸೀಟು ಎತ್ತರವೆಂದು ಜಗಲಿಯ ಮೆಟ್ಟಿಲಿನಿಂದ ಹತ್ತಿಸಿದೆ. ದಾರಿಯಿಡೀ "ಮೆಲ್ಲಗೆ ಹೋಗೇ" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದವರು, ತಿರುವು ಬಂದಾಗ ನಗುತ್ತಿದ್ದರು. ಮಂಟಪದ ಮುಂದಿನ ಬಾಗಿಲಲ್ಲಿ ನಿಂತು ಎಲ್ಲಿಂದ "ಬನ್ನಿ" ಎಂದರೆ ಚೆನ್ನಾಗಿ ಕಾಣುತ್ತದೆ ಎಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಂತು ನೋಡಿದರು. ನನ್ನನ್ನೇ ಕರೆದು ಅಭ್ಯಾಸ ಮಾಡಿದರು. ನಾನು ಒಳಗೆ ಹೋದೆ. ಅಲ್ಲಿಗೆ ತೀರ್ಮಾನವಾಯಿತು. ಮದುವೆ ಅಲ್ಲೇ. ಇನ್ನು ಊಟದ ವಿಷಯ ಅಡುಗೆಯವರ ಹತ್ತಿರ ಕೂತು ಮಾತಾಡಬೇಕು. ಇದೇ ಭಾನುವಾರ, ೨೩ನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ ಮಂಟಪಕ್ಕೆ ಬಾ. ಮುಂದಿನ ಬಾಗಿಲಲ್ಲಿ ಅಮ್ಮ ಇರುತ್ತಾರೆ. ನೀನು ಹಿಂದಿನ ಬಾಗಿಲಿಗೆ ಬಾ, ನಾನು ಅಲ್ಲೇ ನಿಂತಿರುತ್ತೇನೆ.